ಪಂಕ್ಚರ್ ಕಡಿಮೆ ಆಗಬೇಕು, ಸೈಕಲ್ ಭಾರ ಆಗಬಾರದು. ಏನು ಮಾಡಬಹುದು?

ಹಗುರಚಕ್ರ:
ರೋಡ್ ಸೈಕಲ್‌ಗೆ ಪಂಕ್ಚರ್ ಕಡಿಮೆ ಮಾಡುವ ದಾರಿ ಬೇಕು. ಷರತ್ತು ಒಂದೇ, ಭಾರ ಜಾಸ್ತಿ ಆಗಬಾರದು. ಈಗಿರುವುದು 700x28 ಟೈರು (28 ಅಂದರೆ ಅಗಲ, ಮಿಮೀ ಲೆಕ್ಕದಲ್ಲಿ), ಮಡಚುವ ಬಗೆಯದು, ಒಂದೊಂದು 240 ಗ್ರಾಂ ಆಸುಪಾಸು. ಒಳಗೆ ಮಾಮೂಲಿ ಬ್ಯುಟೈಲ್ ರಬ್ಬರಿನ ಟ್ಯೂಬು. ನಾನು 80 ಕಿಲೋ ಇದ್ದೇನೆ. ಈಚೆಗೆ ಪದೇ ಪದೇ ಗಾಳಿ ಹೋಗುತ್ತಿದೆ, ಅದೂ ಹೆಚ್ಚಾಗಿ ಹಿಂದಿನ ಚಕ್ರದ್ದೇ. ಹಿಂದೆ ಒಂದು ಸಲ ಪಂಕ್ಚರ್ ಆಗುವುದೇ ಇಲ್ಲ ಅಂತ ಹೆಸರಾದ ದಪ್ಪ ಟೈರು ಹಾಕಿಸಿದ್ದೆ. ಹೇಳಿದ ಹಾಗೆ ಪಂಕ್ಚರ್ ಆಗಲಿಲ್ಲ, ಆದರೆ ತುಳಿಯುವ ಖುಷಿಯೇ ಹೋಗಿಬಿಟ್ಟಿತು. ತೆಗೆದು ಮೂಲೆಗೆ ಹಾಕಿದೆ.

ಟೈರಿನೊಳಗೆ ಹಾಕುವ ಲೈನರ್ ಪಟ್ಟಿ, ತೂತು ಮುಚ್ಚುವ ಸೀಲೆಂಟ್ ದ್ರವ, ಟ್ಯೂಬೇ ಇಲ್ಲದ ಟ್ಯೂಬ್‌ಲೆಸ್ ಟೈರು, ದಪ್ಪ ಟ್ಯೂಬು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗ್ರಾಂ ಲೆಕ್ಕದಲ್ಲಿ ಯಾವುದು ವಾಸಿ? ಬಳಸಿದವರು ಹೇಳಿ. "ಮೊದಲು ನೀನು ಎರಡು ಕಿಲೋ ಇಳಿಸು" ಅನ್ನುವವರು ದಯವಿಟ್ಟು ಬೇಡ, ಅದನ್ನು ಮನೆಯಲ್ಲೇ ಕೇಳಿ ಆಗಿದೆ.

ಗುಡ್ಡಹತ್ತುವವ:
ಟ್ಯೂಬ್‌ಲೆಸ್. ಮುಂದಿನ ಪ್ರಶ್ನೆ?

ಎದುರುಗಾಳಿ:
ಬಂದರಪ್ಪ ಟ್ಯೂಬ್‌ಲೆಸ್ ಪ್ರಚಾರಕರು. ಅವರ ರಿಮ್ ಟ್ಯೂಬ್‌ಲೆಸ್‌ಗೆ ಆಗುತ್ತದೋ ಇಲ್ಲವೋ ಅಂತಾದರೂ ಕೇಳಬಾರದಾ?

ಕಡ್ಡಿಬಿಗಿಯುವವ:
ಸಲಹೆ ಆಮೇಲೆ. ಎರಡು ಪ್ರಶ್ನೆ ಮೊದಲು. ತೂತು ಟ್ಯೂಬಿನ ಯಾವ ಬದಿಯಲ್ಲಿದೆ, ರಸ್ತೆ ಕಡೆಯೋ ರಿಮ್ ಕಡೆಯೋ? ಗಾಳಿ ಎಷ್ಟು ಹೊಡೆಯುತ್ತೀರಿ?

ಹಗುರಚಕ್ರ:
ಗಾಳಿ ಹೆಬ್ಬೆರಳಲ್ಲಿ ಒತ್ತಿ ನೋಡುತ್ತೇನೆ, ಗಟ್ಟಿ ಅನಿಸಿದರೆ ಹೊರಡುತ್ತೇನೆ. ಯಾವ ಬದಿ ಅಂತ ಗಮನಿಸಿಲ್ಲ. ಈಚಿನ ಟ್ಯೂಬುಗಳನ್ನು ಎಸೆದಿಲ್ಲ, ಸಂಜೆ ನೋಡಿ ಹೇಳುತ್ತೇನೆ. ರಿಮ್ ಟ್ಯೂಬ್‌ಲೆಸ್‌ಗೆ ಆಗುತ್ತದೆ ಅಂತ ಬರೆದಿದೆ.

ಕಡ್ಡಿಬಿಗಿಯುವವ:
ಹೆಬ್ಬೆರಳನ್ನು ನಂಬಬೇಡಿ. 28ರ ಟೈರಿನಲ್ಲಿ 50 ಪಿಎಸ್‌ಐ ಇದ್ದರೂ ಬೆರಳಿಗೆ ಗಟ್ಟಿ, 80 ಇದ್ದರೂ ಗಟ್ಟಿ. ಗೇಜ್ ಇರುವ ನಿಲ್ಲಿಸುವ ಪಂಪು ತೆಗೆದುಕೊಳ್ಳಿ. ಅದು ಮನೆಯಲ್ಲೇ ಇರುತ್ತದೆ, ಹಾಗಾಗಿ ಸೈಕಲ್ಲಿಗೆ ಒಂದು ಗ್ರಾಂ ಕೂಡ ಸೇರುವುದಿಲ್ಲ. ನಿಮ್ಮ ತೂಕಕ್ಕೆ ಹಿಂದೆ 75ರಿಂದ 80, ಮುಂದೆ ಅದಕ್ಕಿಂತ ಐದಾರು ಕಡಿಮೆ ಇಟ್ಟು ಶುರು ಮಾಡಿ, ಆಮೇಲೆ ನಿಮ್ಮ ರಸ್ತೆಗೆ ತಕ್ಕ ಹಾಗೆ ಹೆಚ್ಚು ಕಡಿಮೆ ಮಾಡಿಕೊಳ್ಳಿ. ರಿಮ್ ಮತ್ತು ಟೈರಿನ ಮೇಲೆ ಬರೆದಿರುವ ಗರಿಷ್ಠ ಮಿತಿ ಮಾತ್ರ ದಾಟಬಾರದು. ಹುಕ್‌ಲೆಸ್ ರಿಮ್ (ಟೈರನ್ನು ಹಿಡಿಯುವ ಕೊಕ್ಕೆಯಂಥ ಅಂಚು ಇಲ್ಲದ್ದು) ಆದರೆ ಮಿತಿ 5 ಬಾರ್, ಅಂದರೆ 72 ಪಿಎಸ್‌ಐ ಚಿಲ್ಲರೆ. ಅದನ್ನು ಮೊದಲೇ ನೋಡಿಕೊಳ್ಳಿ.

ಇನ್ನು ತೂತು. ಟ್ಯೂಬಿಗೆ ಗಾಳಿ ತುಂಬಿ ಬಕೆಟ್ ನೀರಲ್ಲಿ ಮುಳುಗಿಸಿ. ಗುಳ್ಳೆ ರಸ್ತೆ ಕಡೆಯಿಂದ ಬಂದರೆ ಮುಳ್ಳು, ಗಾಜು, ತಂತಿ ಇವುಗಳಲ್ಲಿ ಒಂದು. ಅಕ್ಕಪಕ್ಕ ಎರಡು ಸಣ್ಣ ಸೀಳು ಇದ್ದರೆ ಗಾಳಿ ಕಡಿಮೆ ಇದ್ದಾಗ ಗುಂಡಿಗೆ ಇಳಿಸಿದ್ದೀರಿ, ಟ್ಯೂಬು ರಿಮ್‌ಗೂ ರಸ್ತೆಗೂ ನಡುವೆ ಸಿಕ್ಕಿ ಜಜ್ಜಿಹೋಗಿದೆ. ಸ್ನೇಕ್ ಬೈಟ್ ಅನ್ನುವುದು ಇದನ್ನೇ. ರಿಮ್ ಕಡೆ ತೂತಾಗಿದ್ದರೆ ರಸ್ತೆಯನ್ನು ಬೈಯಬೇಡಿ. ರಿಮ್ ಟೇಪು ಸರಿದು ಕಡ್ಡಿ ತೂತಿನ ಅಂಚು ಟ್ಯೂಬನ್ನು ಕೊಯ್ಯುತ್ತಿದೆ. ಎಷ್ಟು ದಪ್ಪದ ಟೈರು ಹಾಕಿದರೂ ಅದು ನಿಲ್ಲುವುದಿಲ್ಲ. ವಾಲ್ವ್ ಬುಡದಲ್ಲೇ ಹರಿದಿದ್ದರೆ ವಾಲ್ವ್ ತೂತಿನ ಅಂಚು ಚೂಪಾಗಿದೆಯಾ ಅಂತ ಬೆರಳಾಡಿಸಿ, ಇದ್ದರೆ ನಯವಾದ ಉಜ್ಜುಕಾಗದದಿಂದ ಉಜ್ಜಿ.

ಕಾರಣ ಗೊತ್ತಿಲ್ಲದೆ ಗ್ರಾಂ ಲೆಕ್ಕ ಹಾಕಿ ಏನು ಪ್ರಯೋಜನ ಹೇಳಿ.

ಮಡ್‌ಗಾರ್ಡ್:
ಇದರ ಜೊತೆ ಒಂದು ಸಣ್ಣ ಅಭ್ಯಾಸ. ಟೈರು ಹಾಕುವಾಗ ಅದರ ಮೇಲಿನ ಹೆಸರು ಸರಿಯಾಗಿ ವಾಲ್ವ್ ಎದುರಿಗೆ ಬರುವ ಹಾಗೆ ಕೂರಿಸಿ. ನಾಳೆ ಟ್ಯೂಬಲ್ಲಿ ತೂತು ವಾಲ್ವ್‌ನಿಂದ ಒಂದು ಗೇಣು ದೂರ ಸಿಕ್ಕಿತು ಅಂತಿಟ್ಟುಕೊಳ್ಳಿ, ಟೈರಿನಲ್ಲೂ ಹೆಸರಿನಿಂದ ಒಂದು ಗೇಣು ಅಳೆದು ಆ ಜಾಗ ನೋಡಿದರೆ ಸಾಕು. ಯಾವ ದಿಕ್ಕಿಗೆ ಅಂತ ಗೊಂದಲ ಆದರೆ ಎರಡೂ ಕಡೆ ನೋಡಿ. ಅಂಗಡಿಯಲ್ಲಿ ಚೆಂದಕ್ಕೆ ಹಾಗೆ ಜೋಡಿಸುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ.

ಲೆಕ್ಕದಪುಸ್ತಕ:
ಗ್ರಾಂ ಕೇಳಿದರಲ್ಲ, ಹೇಳುತ್ತೇನೆ. ನಿಮ್ಮ ಅಳತೆಗೆ ಮಾಮೂಲಿ ಬ್ಯುಟೈಲ್ ಟ್ಯೂಬು ನೂರು ಗ್ರಾಂ ಆಸುಪಾಸು. ತೆಳು ಬ್ಯುಟೈಲ್ 70-75. ಟಿಪಿಯು ಅನ್ನುವ ತೆಳು ಪ್ಲಾಸ್ಟಿಕ್ ಟ್ಯೂಬು 40ರ ಹತ್ತಿರ, ಇನ್ನೂ ಕಡಿಮೆಯದೂ ಇದೆ. ಸಹಜ ರಬ್ಬರಿನ ಲೇಟೆಕ್ಸ್ ಟ್ಯೂಬು 80. ಲೈನರ್ ಪಟ್ಟಿ ಬಗೆಯ ಮೇಲೆ 40ರಿಂದ 100. ಸೀಲೆಂಟ್ ಒಂದು ಎಂಎಲ್‌ಗೆ ಹೆಚ್ಚು ಕಡಿಮೆ ಒಂದು ಗ್ರಾಂ. ಒಳಗೆ ಬೆಲ್ಟ್, ಅಂದರೆ ಪಂಕ್ಚರ್ ತಡೆಯುವ ಗಟ್ಟಿ ನೂಲಿನ ಪದರ, ಇರುವ ಮಧ್ಯಮ ಟೈರು 300-350. ಶ್ವಾಲ್ಬೆ ಮ್ಯಾರಥಾನ್ ಪ್ಲಸ್‌ನಂಥ ಟೈರಿಗೆ ಹೋದರೆ 28ರ ಅಳತೆಯಲ್ಲೂ 700 ದಾಟುತ್ತದೆ, ಯಾಕೆಂದರೆ ರಬ್ಬರ್ ಕೆಳಗೆ 5 ಮಿಮೀ ದಪ್ಪದ ರಕ್ಷಣಾ ಪದರ ಇದೆ. ಪೇಟೆಯಲ್ಲಿ ಮಾರುವ ಮುಳ್ಳು ತಡೆಯುವ ದಪ್ಪ ಟ್ಯೂಬುಗಳು ಮಾಮೂಲಿ ಟ್ಯೂಬಿನ ಎರಡು ಮೂರು ಪಟ್ಟು ತೂಗುತ್ತವೆ, ಅವನ್ನು ಬಿಟ್ಟುಬಿಡಿ.

ನನ್ನ ಅಭಿಪ್ರಾಯ ಕೇಳಿದರೆ ಟ್ಯೂಬಲ್ಲಿ ಉಳಿಸಿ ಟೈರಿಗೆ ಹಾಕಿ. ಟಿಪಿಯು ಟ್ಯೂಬಿನಿಂದ ಉಳಿಯುವ 60 ಗ್ರಾಂ ಬೆಲ್ಟ್ ಇರುವ ಟೈರಿಗೆ ಹೋಗಲಿ. ಒಟ್ಟು ತೂಕ ಇದ್ದಲ್ಲೇ ಇರುತ್ತದೆ.

ಗುಡ್ಡಹತ್ತುವವ:
ತಿರುಗುವ ಭಾಗದ ತೂಕ ಎರಡು ಪಟ್ಟು ಅಂತ ಗೊತ್ತಲ್ವಾ? ಚಕ್ರದ ಅಂಚಿಗೆ ಒಂದು ಗ್ರಾಂ ಹಾಕಿದರೆ ಫ್ರೇಮಿಗೆ ಎರಡು ಗ್ರಾಂ ಹಾಕಿದಂತೆ. ಟೈರಿಗೆ ನೂರು ಗ್ರಾಂ ಅಂದರೆ ಸುಮ್ನೆ ಅಲ್ಲ.

ಲೆಕ್ಕದಪುಸ್ತಕ:
ವೇಗ ಹೆಚ್ಚಿಸುವ ಹೊತ್ತಿಗೆ ಮಾತ್ರ ಅದು ನಿಜ. ಅಂಚಿನ ತೂಕ ಮುಂದಕ್ಕೂ ಹೋಗಬೇಕು, ಸುತ್ತಲೂ ತಿರುಗಬೇಕು, ಹಾಗಾಗಿ ಎರಡು ಪಟ್ಟು ಶಕ್ತಿ. ಒಂದೇ ವೇಗದಲ್ಲಿ ಹೋಗುವಾಗ ಈ ಲೆಕ್ಕವೇ ಇಲ್ಲ. ಏರು ಹತ್ತುವಾಗ ಗ್ರಾಂ ಎಲ್ಲಿದ್ದರೂ ಗ್ರಾಮೇ, ಚಕ್ರದಲ್ಲಿರಲಿ ಜೇಬಲ್ಲಿರಲಿ. ಸವಾರ, ಸೈಕಲ್, ನೀರು ಎಲ್ಲ ಸೇರಿ 90 ಕಿಲೋ ಅಂತಿಟ್ಟುಕೊಳ್ಳಿ. 300 ಗ್ರಾಂ ಸೇರಿಸಿದರೆ ನೂರಕ್ಕೆ 0.33. ಒಂದು ಗಂಟೆ ಹತ್ತುವ ಕಡಿದಾದ ಏರಿಗೆ 12 ಸೆಕೆಂಡು ಜಾಸ್ತಿ. ದಾರಿಯಲ್ಲಿ ನಿಂತು ಟ್ಯೂಬ್ ಬದಲಿಸಲು ನಿಮಗೆ 12 ಸೆಕೆಂಡು ಸಾಕಾಗುತ್ತದಾ?

ಎದುರುಗಾಳಿ:
😄 ಗುಡ್ಡದವರು ಮೌನ.

ಗುಡ್ಡಹತ್ತುವವ:
ಮೌನ ಏನಿಲ್ಲ. ಹಾಗಾದರೆ ಅವರಿಗೆ ದಪ್ಪ ಟೈರಿನಲ್ಲಿ ಖುಷಿ ಹೋಗಿದ್ದು ಯಾಕೆ? ಸುಳ್ಳು ಹೇಳುತ್ತಿದ್ದಾರಾ?

ಲೆಕ್ಕದಪುಸ್ತಕ:
ಸುಳ್ಳಲ್ಲ, ಆದರೆ ಅಲ್ಲಿ ತಪ್ಪು ತೂಕದ್ದಲ್ಲ. ಟೈರು ಪ್ರತಿ ಸುತ್ತಿನಲ್ಲೂ ನೆಲಕ್ಕೆ ತಾಗುವ ಕಡೆ ಬಗ್ಗಿ ಮತ್ತೆ ನೆಟ್ಟಗಾಗಬೇಕು. ದಪ್ಪ ರಬ್ಬರು, ಗಡುಸಾದ ಬದಿ ಇದ್ದರೆ ಹಾಗೆ ಬಗ್ಗುವುದಕ್ಕೇ ನಿಮ್ಮ ಶಕ್ತಿಯ ಒಂದಷ್ಟು ಬಿಸಿಯಾಗಿ ಹೋಗುತ್ತದೆ. ಇದು ಪೆಡಲ್ ತುಳಿಯುವಷ್ಟು ಹೊತ್ತೂ ಆಗುತ್ತಲೇ ಇರುತ್ತದೆ. ತೂಕದ ಹಾಗೆ ಏರಿನಲ್ಲಿ ಮಾತ್ರ ಕಾಡುವುದಲ್ಲ. ಹಾಗಾಗಿ ಟೈರು ಕೊಳ್ಳುವಾಗ ಗ್ರಾಂ ಒಂದನ್ನೇ ನೋಡಬೇಡಿ. ಕೈಯಲ್ಲಿ ಹಿಡಿದು ಬದಿಯನ್ನು ಹಿಸುಕಿ ನೋಡಿ. ಮೆತ್ತಗೆ ಬಗ್ಗುವ ಬದಿ, ಮಧ್ಯದಲ್ಲಿ ಮಾತ್ರ ಬೆಲ್ಟ್, ಅಂಥದ್ದು ಸಿಕ್ಕಿದರೆ 330 ಗ್ರಾಂ ಇದ್ದರೂ ಚೆನ್ನಾಗಿ ಓಡುತ್ತದೆ.

ನಿಧಾನಸ್ಥೆ:
ಈ ಮಾತಿಗೆ ನನ್ನ ಮತ. ಜೊತೆಗೆ ಎರಡೂ ಚಕ್ರಕ್ಕೆ ಒಂದೇ ಟೈರು ಇರಬೇಕು ಅಂತ ಯಾರು ಹೇಳಿದರು? ಪಂಕ್ಚರ್ ಹಿಂದೆ ಜಾಸ್ತಿ ಆಗುತ್ತದೆ ಅಂದರೆ ಹಿಂದಿನದಕ್ಕೆ ಮಾತ್ರ ಗಟ್ಟಿ ಟೈರು ಹಾಕಿ. ಮುಂದೆ ಹಗುರದ್ದೇ ಇರಲಿ. ನೋಡಲು ಜೋಡಿ ತಪ್ಪುತ್ತದೆ, ಅಷ್ಟೇ.

ಹೊಸಬ27:
ಹಿಂದೆಯೇ ಯಾಕೆ ಜಾಸ್ತಿ ಆಗುವುದು? ಮುಂದಿನ ಚಕ್ರ ತಾನೇ ಮೊದಲು ಗಾಜಿನ ಮೇಲೆ ಹೋಗುವುದು?

ಕಡ್ಡಿಬಿಗಿಯುವವ:
ಸವಾರನ ಭಾರ ಹೆಚ್ಚು ಬೀಳುವುದು ಹಿಂದಿನ ಚಕ್ರಕ್ಕೆ. ತುಳಿಯುವ ಬಲವೂ ಅಲ್ಲಿಂದಲೇ ರಸ್ತೆಗೆ ಹೋಗುವುದು, ಅದಕ್ಕೇ ರಬ್ಬರು ಬೇಗ ಸವೆದು ತೆಳುವಾಗುತ್ತದೆ. ಇನ್ನೊಂದು ಅಂದರೆ ಮಲಗಿದ್ದ ಮೊಳೆ, ತಂತಿ, ಗಾಜನ್ನು ಮುಂದಿನ ಚಕ್ರ ಎಬ್ಬಿಸಿ ನಿಲ್ಲಿಸುತ್ತದೆ, ಅದರ ಮೊನೆ ಮೇಲಿದ್ದಾಗ ಹಿಂದಿನದು ಬಂದು ಏರುತ್ತದೆ.

ಮಡ್‌ಗಾರ್ಡ್:
ನಿಧಾನಸ್ಥೆ ಅವರೇ, ನಿಮ್ಮ ಮಾತಿಗೆ ಒಂದು ತಿದ್ದುಪಡಿ. ಗಟ್ಟಿ ಟೈರು ಹಿಂದೆ ಇರಲಿ, ಸರಿ. ಆದರೆ ಸವೆದ ಟೈರು ಯಾವತ್ತೂ ಮುಂದೆ ಬರಬಾರದು. ಹಿಂದಿನದು ಸವೆಯಿತು ಅಂತ ಅದನ್ನು ಮುಂದಕ್ಕೆ ಹಾಕಿ, ಮುಂದಿನದನ್ನು ಹಿಂದಕ್ಕೆ ಹಾಕುವವರಿದ್ದಾರೆ. ಇಳಿಜಾರಿನಲ್ಲಿ ಹಿಂದಿನ ಚಕ್ರದ ಗಾಳಿ ಹೋದರೆ ಹೇಗೋ ಹಿಡಿದು ನಿಲ್ಲಿಸಬಹುದು. ಮುಂದಿನದು ಹೋದರೆ ಹ್ಯಾಂಡಲ್ ಮಾತು ಕೇಳುವುದಿಲ್ಲ. ಮುಂದಿನದನ್ನು ಹಿಂದಕ್ಕೆ ಕಳಿಸಿ, ಹೊಸದನ್ನು ಮುಂದಕ್ಕೆ ಹಾಕಿ, ಹಳೆಯದನ್ನು ಎಸೆಯಿರಿ.

ನಿಧಾನಸ್ಥೆ:
ಹಾಗೆ ಮಾಡಿದರೆ ಬೆಲ್ಟ್ ಇಲ್ಲದ ಮುಂದಿನ ಟೈರು ಹಿಂದಕ್ಕೆ ಬರುತ್ತದಲ್ಲ! ನನ್ನ ಲೆಕ್ಕ ಬೇರೆ. ಹಿಂದಿನದು ಸವೆದರೆ ಅದನ್ನೇ ಎಸೆದು ಹಿಂದಕ್ಕೇ ಹೊಸದು. ಮುಂದಿನದು ಹೇಗೂ ನಿಧಾನಕ್ಕೆ ಸವೆಯುತ್ತದೆ, ಅದರ ಪಾಡಿಗೆ ಅದು ಇರಲಿ. ಸೀಳು ಗೀಳು ಬಂದರೆ ಮಾತ್ರ ಬದಲಿಸಿ.

ಮಡ್‌ಗಾರ್ಡ್:
ಹೂಂ, ಹಾಗಾದರೆ ಸರಿ.

ಹಗುರಚಕ್ರ:
ನೋಡಿದೆ. ಇದ್ದ ಟ್ಯೂಬುಗಳಲ್ಲಿ ಒಂದರಲ್ಲಿ ಅಕ್ಕಪಕ್ಕ ಎರಡು ಸೀಳು ಇದೆ, ಅದು ಗಾಳಿ ಕಡಿಮೆಯ ಕೇಸ್ ಅನಿಸುತ್ತದೆ. ಉಳಿದವುಗಳ ಕತೆ ವಿಚಿತ್ರ. ಎಲ್ಲದರಲ್ಲೂ ರಸ್ತೆ ಕಡೆಗೇ ಒಂದೊಂದು ಸಣ್ಣ ತೂತು, ಸೂಜಿ ಚುಚ್ಚಿದಷ್ಟು. ವಾಲ್ವ್‌ನಿಂದ ಅಳೆದರೆ ಎಲ್ಲದರದ್ದೂ ಸುಮಾರು ಒಂದೇ ದೂರ! ಟೈರಿನೊಳಗೆ ಕೈಯಾಡಿಸಿದೆ, ಏನೂ ಸಿಗಲಿಲ್ಲ.

ಕಡ್ಡಿಬಿಗಿಯುವವ:
ಸಿಕ್ಕಿತು ಬಿಡಿ. ನಿಮಗೆ ಆಗಿರುವುದು ಪದೇ ಪದೇ ಪಂಕ್ಚರ್ ಅಲ್ಲ, ಒಂದೇ ಪಂಕ್ಚರ್. ಅದೇ ವಸ್ತು ಅಲ್ಲೇ ಕೂತು ಹೊಸ ಹೊಸ ಟ್ಯೂಬನ್ನು ಚುಚ್ಚುತ್ತಿದೆ. ನೂರಕ್ಕೆ ತೊಂಬತ್ತು ತಂತಿ ಇರಬೇಕು. ಲಾರಿ, ಬಸ್ಸಿನ ಟೈರಿನೊಳಗೆ ಉಕ್ಕಿನ ತಂತಿಯ ಬಲೆ ಇರುತ್ತದೆ. ಅವು ಸಿಡಿದಾಗ ಆ ತಂತಿ ತುಂಡು ತುಂಡಾಗಿ ರಸ್ತೆ ಅಂಚಿಗೆ ಬಂದು ಬೀಳುತ್ತದೆ. ಎರಡು ಮೂರು ಮಿಮೀ ಉದ್ದ, ಕೂದಲಿಗಿಂತ ಸ್ವಲ್ಪ ದಪ್ಪ. ಟೈರಿನ ರಬ್ಬರಿನಲ್ಲಿ ಪೂರ್ತಿ ಹುದುಗಿರುತ್ತದೆ. ಟೈರು ಕೈಯಲ್ಲಿದ್ದಾಗ ಮೊನೆ ಕಾಣುವುದಿಲ್ಲ, ಭಾರ ಬಿದ್ದು ಟೈರು ಚಪ್ಪಟೆಯಾದಾಗ ಮಾತ್ರ ಒಳಗೆ ಇಣುಕಿ ಟ್ಯೂಬನ್ನು ಮುಟ್ಟುತ್ತದೆ. ಅದಕ್ಕೇ ಗಾಳಿ ಒಮ್ಮೆಲೇ ಹೋಗದೆ ನಿಧಾನಕ್ಕೆ ಹೋಗುವುದು.

ಹುಡುಕುವ ಬಗೆ ಹೀಗೆ. ತೂತಿನ ದೂರ ಅಳೆದು ಟೈರಿನಲ್ಲಿ ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಟೈರನ್ನು ಅಲ್ಲಿ ಒಳಹೊರಗು ಮಾಡಿ, ಅಂದರೆ ಒಳಭಾಗ ಉಬ್ಬಿ ಹೊರಗೆ ಬರುವ ಹಾಗೆ ಮಡಚಿ. ಹತ್ತಿಯ ಉಂಡೆ ಅಥವಾ ಹಳೆಯ ನೈಲಾನ್ ಕಾಲುಚೀಲದಿಂದ ಎರಡೂ ದಿಕ್ಕಿಗೆ ಮೆಲ್ಲಗೆ ಒರೆಸಿ. ಎಳೆ ಸಿಕ್ಕಿಕೊಂಡರೆ ಅಲ್ಲೇ ಇದೆ. ಬರಿಗೈಯಲ್ಲಿ ಜೋರಾಗಿ ಉಜ್ಜಬೇಡಿ, ಗಾಜಾಗಿದ್ದರೆ ಬೆರಳು ಸೀಳುತ್ತದೆ. ತೆಗೆಯುವುದು ಚಿಮುಟದಲ್ಲಿ, ಸಿಗದಿದ್ದರೆ ಉಗುರು ಕತ್ತರಿಯ ತುದಿಯಲ್ಲಿ ಹಿಡಿದು ಎಳೆಯಿರಿ. ಒಳಗಿನಿಂದ ಆಗದಿದ್ದರೆ ಹೊರಗಿನಿಂದ ಸೂಜಿಯಲ್ಲಿ ಒತ್ತಿ ಒಳಕ್ಕೆ ತಳ್ಳಿ.

ಹೊಸಬ27:
ಇಷ್ಟು ದಿನ ಟ್ಯೂಬು ಬದಲಿಸುವುದೇ ರಿಪೇರಿ ಅಂತ ತಿಳಿದಿದ್ದೆನಲ್ಲ.

ಪಕ್ಕದಓಣಿ:
ಸುಲಭ ಉಪಾಯ ಬಿಟ್ಟು ಎಲ್ಲೆಲ್ಲೋ ಹೋಗುತ್ತಿದ್ದೀರಿ. ಲೈನರ್ ಹಾಕಿ. ಟೈರಿಗೂ ಟ್ಯೂಬಿಗೂ ನಡುವೆ ಒಂದು ಪ್ಲಾಸ್ಟಿಕ್ ಪಟ್ಟಿ, ಅಷ್ಟೇ. ನಾನು ವರ್ಷಗಟ್ಟಲೆಯಿಂದ ಬಳಸುತ್ತಿದ್ದೇನೆ.

ಎದುರುಗಾಳಿ:
ಆ ಪಟ್ಟಿಯ ತುದಿ ಎಲ್ಲಿ ಮುಗಿಯುತ್ತದೋ ಅಲ್ಲಿ ಟ್ಯೂಬು ಉಜ್ಜಿ ಉಜ್ಜಿ ತೂತಾಗುತ್ತದೆ. ಮುಳ್ಳಿಲ್ಲದೆ ಪಂಕ್ಚರ್ ಬೇಕಿದ್ದರೆ ಲೈನರ್ ಹಾಕಿ.

ಪಕ್ಕದಓಣಿ:
ತುದಿಯನ್ನು ದುಂಡಗೆ ಕತ್ತರಿಸಿ, ಉಜ್ಜುಕಾಗದದಲ್ಲಿ ನಯ ಮಾಡಿ, ಒಂದರ ಮೇಲೊಂದು ಬರುವ ಜಾಗಕ್ಕೆ ಒಂದು ಸುತ್ತು ತೆಳು ಟೇಪು ಹಾಕಬೇಕು. ಅಷ್ಟು ಮಾಡದೆ ಲೈನರ್ ಸರಿಯಿಲ್ಲ ಅಂದರೆ ಹೇಗೆ? ಅಳತೆಯೂ ಟೈರಿಗೆ ಸರಿಯಾಗಿರಬೇಕು. ಅಗಲ ಜಾಸ್ತಿ ಇದ್ದರೆ ಅಂಚು ಬದಿಗೆ ಏರಿ ಕುಳಿತು ಟ್ಯೂಬನ್ನು ಕೊಯ್ಯುತ್ತದೆ.

ಲೆಕ್ಕದಪುಸ್ತಕ:
28ರಂಥ ಸಪೂರ ಟೈರಿಗೆ ಲೈನರ್ ನನಗೆ ಒಪ್ಪಿಗೆ ಇಲ್ಲ. 40ರ ಮೇಲಿನ ಅಗಲದ ಟೈರಿಗೆ, ಮುಳ್ಳು ಜಾಸ್ತಿ ಇರುವ ಕಡೆ, ಆಗಬಹುದು. ಒಂದು ಚಕ್ರಕ್ಕೆ 60-70 ಗ್ರಾಂ ಹಾಕುವುದಾದರೆ ಅದೇ ಗ್ರಾಂ ಟೈರಿನೊಳಗೇ ಬೆಲ್ಟ್ ಆಗಿ ಬರಲಿ. ಅದು ಸರಿಯುವುದಿಲ್ಲ, ತುದಿ ಅಂತಲೂ ಇಲ್ಲ.

ಹಳೇಪೆಡಲ್:
ಬೆಲ್ಟ್ ವಿಷಯ ಬಂತಲ್ಲ, ಒಂದು ಸ್ವಾರಸ್ಯ. ಇಂಥ ಬೆಲ್ಟಿಗೆ ಬಳಸುವ ಕೆವ್ಲಾರ್ ನೂಲು ಹುಟ್ಟಿದ್ದೇ ಟೈರಿಗೋಸ್ಕರ. 1965ರಲ್ಲಿ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಅದನ್ನು ಕಂಡುಹಿಡಿದಾಗ ಅವರ ತಂಡ ಹುಡುಕುತ್ತಿದ್ದದ್ದು ಕಾರಿನ ಟೈರಿಗೆ ಉಕ್ಕಿನ ತಂತಿಯ ಬದಲು ಹಾಕಬಹುದಾದ ಹಗುರ ನೂಲನ್ನು. ಗುಂಡು ತಡೆಯುವ ಜಾಕೆಟ್ಟು ಆಮೇಲೆ ಬಂದದ್ದು. ಅಂದರೆ ಗಟ್ಟಿ ಇರಬೇಕು, ಭಾರ ಇರಬಾರದು ಅನ್ನುವ ನಿಮ್ಮ ತಲೆನೋವು ಹಳೆಯದೇ.

ಗುಂಡು ತಡೆಯುವುದಾದರೆ ಮುಳ್ಳು ತಡೆಯುವುದಿಲ್ಲವಾ ಅಂತ ಕೇಳಬೇಡಿ. ಗಾಜು ಕೊಯ್ಯುವುದನ್ನು ಈ ಬೆಲ್ಟ್ ಚೆನ್ನಾಗಿ ತಡೆಯುತ್ತದೆ. ಸೂಜಿಮೊನೆಯ ಮುಳ್ಳು, ತಂತಿ ಮಾತ್ರ ನೂಲುಗಳ ಸಂದಿಯಲ್ಲಿ ನುಸುಳಿಬಿಡುತ್ತವೆ. ಅಂಥವನ್ನು ತಡೆಯಲು ದಪ್ಪವೇ ಬೇಕು, ಇಲ್ಲ ಸೀಲೆಂಟ್ ಬೇಕು.

ಗುಡ್ಡಹತ್ತುವವ:
ನೋಡಿ, ನೀವೇ ಸೀಲೆಂಟ್ ಅಂದಿರಿ. ನಾನು ಮೊದಲನೇ ಸಾಲಿನಲ್ಲೇ ಹೇಳಿದ್ದೆ. ಟ್ಯೂಬ್‌ಲೆಸ್ ಆದರೆ ಟ್ಯೂಬಿನ ತೂಕವೂ ಉಳಿಯಿತು.

ಲೆಕ್ಕದಪುಸ್ತಕ:
ರೋಡ್ ಟೈರಿನಲ್ಲಿ ಉಳಿಯುವುದಿಲ್ಲ ಸ್ವಾಮಿ. ಟ್ಯೂಬ್‌ಲೆಸ್ ಟೈರು ಗಾಳಿ ಬಿಡದ ಹಾಗೆ ಮಾಡಿರುವುದರಿಂದ ಅದೇ ಬಗೆಯ ಟ್ಯೂಬ್ ಟೈರಿಗಿಂತ 40-50 ಗ್ರಾಂ ಜಾಸ್ತಿ ತೂಗುತ್ತದೆ. ಸೀಲೆಂಟ್ 40, ಟೇಪು ಮತ್ತು ವಾಲ್ವ್ 15-20. ಕೂಡಿಸಿ. ತೆಗೆದ ಟ್ಯೂಬು ನೂರು ಗ್ರಾಂ. ಬಂದದ್ದಕ್ಕೂ ಹೋದದ್ದಕ್ಕೂ ಸರಿಹೋಯಿತು. ಎಂಟಿಬಿಯಲ್ಲಿ, ಅಂದರೆ ಗುಡ್ಡಗಾಡಿನ ಅಗಲ ಟೈರಿನ ಸೈಕಲ್ಲಿನಲ್ಲಿ, ಟ್ಯೂಬೇ 200 ಗ್ರಾಂ, ಅಲ್ಲಿ ನಿಜಕ್ಕೂ ಉಳಿಯುತ್ತದೆ.

ಗುಡ್ಡಹತ್ತುವವ:
ಸರಿ, ತೂಕ ಸಮ ಅಂತಲೇ ಇಟ್ಟುಕೊಳ್ಳೋಣ. ಅಷ್ಟೇ ತೂಕಕ್ಕೆ ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ, ಸ್ನೇಕ್ ಬೈಟ್ ಆಗಲು ಟ್ಯೂಬೇ ಇಲ್ಲ, ಗಾಳಿ ಕಡಿಮೆ ಇಟ್ಟು ಆರಾಮಾಗಿ ಓಡಿಸಬಹುದು. ಇವರು ಕೇಳಿದ್ದೇ ಇದನ್ನಲ್ವಾ?

ನಿಧಾನಸ್ಥೆ:
ಅದರ ಚಾಕರಿಯನ್ನೂ ಹೇಳಿ. ಸೀಲೆಂಟ್ ಒಣಗುತ್ತದೆ, ಎರಡರಿಂದ ಆರು ತಿಂಗಳೊಳಗೆ ಮತ್ತೆ ತುಂಬಬೇಕು, ಸೆಕೆ ಇರುವ ಕಡೆ ಇನ್ನೂ ಬೇಗ. ವಾಲ್ವ್ ಕಟ್ಟಿಕೊಳ್ಳುತ್ತದೆ. ಟೈರು ರಿಮ್‌ಗೆ ಕೂರಿಸಲು ಮಾಮೂಲಿ ಪಂಪಲ್ಲಿ ಎಷ್ಟೋ ಸಲ ಆಗುವುದೇ ಇಲ್ಲ, ಒಮ್ಮೆಲೇ ಜೋರಾಗಿ ಗಾಳಿ ಬಿಡುವ ಕಂಪ್ರೆಸರ್ ಬೇಕು. ದೊಡ್ಡ ಸೀಳು ಬಂತು ಅಂತಿಟ್ಟುಕೊಳ್ಳಿ, ಪ್ಲಗ್ ತುರುಕಬೇಕು. ಅದೂ ನಿಲ್ಲದಿದ್ದರೆ ಮೈಕೈಯೆಲ್ಲ ಬಿಳಿ ಮಾಡಿಕೊಂಡು ಕೊನೆಗೆ ಟ್ಯೂಬೇ ಹಾಕಬೇಕು. ಅಂದರೆ ಟ್ಯೂಬು ಹೇಗೂ ಜೊತೆಗಿರಲೇಬೇಕು. ವಾರಕ್ಕೊಮ್ಮೆ ಓಡಿಸುವವರಿಗೆ ಇದೆಲ್ಲ ಬೇಕಾ ಅಂತ.

ಗುಡ್ಡಹತ್ತುವವ:
ವಾರಕ್ಕೊಮ್ಮೆ ಓಡಿಸುವವರಿಗೆ ಬೇಡ, ಒಪ್ಪಿದೆ. ದಿನಾ ಓಡಿಸುವವರಿಗೆ ಬೇಕು.

ಮುಳ್ಳುಪೊದೆ:
ನಾನಿರುವ ಕಡೆ ನೆಗ್ಗಿಲು ಮುಳ್ಳಿನ ಕಾಟ. ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ, ಹಳದಿ ಹೂ. ಕಾಯಿ ಒಣಗಿದರೆ ಐದು ಹೋಳಾಗಿ ಒಡೆಯುತ್ತದೆ. ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಂತಿರುತ್ತದೆ. ಒಂದು ಸಲ ಅದರ ಮೇಲೆ ಹೋದರೆ ಒಂದು ತೂತಲ್ಲ, ಟೈರು ತುಂಬಾ ತೂತು. ಇಂಥ ಕಡೆ ಬೆಲ್ಟ್ ಟೈರು, ಟಿಪಿಯು ಎಲ್ಲ ದಂಡ. ಸೀಲೆಂಟ್ ಒಂದೇ ಗತಿ. ಟ್ಯೂಬ್‌ಲೆಸ್ ಆಗದಿದ್ದರೆ ವಾಲ್ವಿನ ಒಳತಿರುಳು ಬಿಚ್ಚಲು ಬರುವ ಬ್ಯುಟೈಲ್ ಟ್ಯೂಬು ತಂದು ಅದರೊಳಗೇ 30-40 ಎಂಎಲ್ ಸೀಲೆಂಟ್ ಹಾಕಿ. ಮುಳ್ಳು ಚುಚ್ಚಿದ್ದು ಕಂಡರೆ ಕಿತ್ತು, ತೂತಿನ ಜಾಗ ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಗಾಳಿ ಹೊಡೆದು ಹೊರಡಿ.

ಎದುರುಗಾಳಿ:
ಅಗಲ ಟೈರಿಗೆ ಸರಿ. 80 ಪಿಎಸ್‌ಐ ಇರುವ ರೋಡ್ ಟ್ಯೂಬಿನಲ್ಲಿ ಸೀಲೆಂಟ್ ಮುಚ್ಚುವುದಕ್ಕಿಂತ ಚಿಮ್ಮುವುದೇ ಜಾಸ್ತಿ. ಆಮೇಲೆ ಆ ಟ್ಯೂಬಿಗೆ ಪ್ಯಾಚ್ ಹಾಕಲು ಹೋದರೆ ಒಳಗಿಂದ ಸೀಲೆಂಟ್ ಜಿನುಗಿ ಸಲ್ಯೂಷನ್ ಹಿಡಿಯುವುದಿಲ್ಲ.

ಮುಳ್ಳುಪೊದೆ:
ನಿಜ. ಒತ್ತಡ ಸ್ವಲ್ಪ ಇಳಿದ ಮೇಲೆ ಮುಚ್ಚಿಕೊಳ್ಳುತ್ತದೆ. 50ರಲ್ಲಿ ಮನೆ ಸೇರಬಹುದು. ನಡೆದುಕೊಂಡು ಬರುವುದಕ್ಕಿಂತ ವಾಸಿ.

ತುಂತುರು:
ಗಾಳಿಯಿಲ್ಲದ ಘನ ಟೈರು ಹಾಕಿದರೆ ಇದ್ಯಾವುದೂ ಬೇಡವಲ್ಲ? ಪಂಕ್ಚರೇ ಇಲ್ಲ.

ಹಳೇಪೆಡಲ್:
ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗಾಯಿತು. ಜನ ಘನ ರಬ್ಬರಿನ ಚಕ್ರದಲ್ಲಿ ಬೆನ್ನು ಮುರಿದುಕೊಂಡಿದ್ದು ಸಾಕಾಗಿಯೇ ಗಾಳಿ ಟೈರು ಬಂದದ್ದು. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿದ್ದು ಅದಕ್ಕೇ.

ಲೆಕ್ಕದಪುಸ್ತಕ:
ಆದರೆ ಗಾಳಿ ಟೈರಿಗೆ ಮೊದಲು ಪೇಟೆಂಟ್ ಪಡೆದದ್ದು ಡನ್‌ಲಪ್ ಅಲ್ಲ. ರಾಬರ್ಟ್ ಥಾಮ್ಸನ್, 1845ರಲ್ಲೇ.

ಹಳೇಪೆಡಲ್:
ಹೌದು, ಆದರೆ ಅವನದ್ದು ಪೇಟೆಯಲ್ಲಿ ನಡೆಯಲಿಲ್ಲ. ಡನ್‌ಲಪ್ ಟೈರಿಗೂ ಒಂದು ಕಾಟ ಇತ್ತು. ರಿಮ್‌ಗೆ ಅಂಟಿಸಿಬಿಡುತ್ತಿದ್ದರು, ಪಂಕ್ಚರ್ ಆದರೆ ಬಿಚ್ಚುವುದೇ ಒಂದು ದಿನದ ಕೆಲಸ. ಬಿಚ್ಚಿ ಹಾಕಬಹುದಾದ ಟೈರನ್ನು ಮಿಶೆಲಿನ್ ಸಹೋದರರು ತಂದದ್ದು 1891ರಲ್ಲಿ.

ಹೊಸಬ27:
ಪಂಕ್ಚರ್ ಚರ್ಚೆ ಇತಿಹಾಸದ ತರಗತಿ ಆಯಿತು 😂

ಹಳೇಪೆಡಲ್:
ಇನ್ನೊಂದು ಹೇಳಿ ಸುಮ್ಮನಾಗುತ್ತೇನೆ, ಇದು ನಿಜವಾಗಿ ಉಪಯೋಗಕ್ಕೆ ಬರುವುದು. ಟೈರನ್ನು ರಿಮ್‌ಗೆ ಅಂಟಿಸಿ ಓಡಿಸುತ್ತಿದ್ದ ಕಾಲದಲ್ಲಿ ಟೈರ್ ಸೇವರ್ ಅಂತ ಒಂದು ಬರುತ್ತಿತ್ತು. ಬ್ರೇಕಿನ ಬೋಲ್ಟಿಗೆ ಸಿಕ್ಕಿಸುವ ಒಂದು ಬಾಗಿದ ತಂತಿ. ಟೈರಿನ ಮೈಗೆ ಬರೀ ತಾಗಿಯೂ ತಾಗದ ಹಾಗೆ ನಿಂತಿರುತ್ತದೆ. ಗಾಜು, ಕಲ್ಲಿನ ಚೂರು ಟೈರಿಗೆ ಅಂಟಿಕೊಂಡು ಬಂದರೆ ಒಂದು ಸುತ್ತು ಮುಗಿಯುವುದರೊಳಗೆ ಕೆದಕಿ ಬೀಳಿಸುತ್ತದೆ. ಗಾಜು ಸಾಮಾನ್ಯವಾಗಿ ಮೊದಲನೇ ಸುತ್ತಿಗೇ ಒಳಗೆ ಹೋಗುವುದಿಲ್ಲ, ಸುತ್ತು ಸುತ್ತಿಗೂ ಒತ್ತಿಸಿಕೊಂಡು ಇಳಿಯುತ್ತದೆ. ಅಷ್ಟರೊಳಗೆ ಬಿದ್ದುಹೋದರೆ ಗೆದ್ದಿರಿ. ತೂಕ ಕೆಲವೇ ಗ್ರಾಂ. ಈಗ ಯಾರೂ ಹಾಕುವುದಿಲ್ಲ, ಡಿಸ್ಕ್ ಬ್ರೇಕ್ ಬಂದ ಮೇಲೆ ಸಿಕ್ಕಿಸುವ ಜಾಗವೂ ಇಲ್ಲ.

ತುಂತುರು:
ಕೆಲವರು ಓಡುವಾಗಲೇ ಕೈಗವಸಿನಲ್ಲಿ ಟೈರು ಒರೆಸುವುದನ್ನು ನೋಡಿದ್ದೇನೆ. ಅದೂ ಇದೇ ಲೆಕ್ಕವಾ?

ಮಡ್‌ಗಾರ್ಡ್:
ಇದೇ ಲೆಕ್ಕ, ಆದರೆ ಬೇಡ. ಹಿಂದಿನ ಚಕ್ರಕ್ಕೆ ಕೈ ಹಾಕಿದಾಗ ಬೆರಳು ಟೈರಿಗೂ ಸೀಟಿನ ಕೆಳಗಿನ ಫ್ರೇಮ್ ಕೊಳವೆಗೂ ನಡುವಿನ ಸಂದಿಗೆ ಎಳೆದುಕೊಂಡು ಹೋದರೆ ಪಂಕ್ಚರ್ ಬೇಕಿತ್ತು ಅನಿಸುತ್ತದೆ. ನಿಲ್ಲಿಸಿ ಒರೆಸಿ.

ಕಡ್ಡಿಬಿಗಿಯುವವ:
ಓಡಿಸಿ ಬಂದ ಮೇಲೆ ಒಂದು ನಿಮಿಷ ಕೊಟ್ಟು ಚಕ್ರ ತಿರುಗಿಸುತ್ತಾ ಟೈರಿನ ಮೈ ನೋಡಿ. ಸಣ್ಣ ಸೀಳಿನಲ್ಲಿ ಮಿನುಗುವುದೆಲ್ಲ ಗಾಜು. ಸೂಜಿಯಲ್ಲಿ ತೆಗೆದುಬಿಡಿ. ಇವತ್ತು ಒಳಗಿರುವ ಗಾಜು ನಾಳೆಯ ಪಂಕ್ಚರ್. ತೆಗೆಯುವಾಗ ಗಾಳಿ ಸ್ವಲ್ಪ ಇಳಿಸಿದರೆ ಸೀಳು ಬಾಯಿ ಬಿಡುತ್ತದೆ. ಮಳೆಗಾಲದಲ್ಲಿ ಇದನ್ನು ತಪ್ಪಿಸಬೇಡಿ. ಒದ್ದೆ ರಬ್ಬರಿಗೆ ಗಾಜು ಜಾರಿಕೊಂಡು ಸಲೀಸಾಗಿ ಇಳಿಯುತ್ತದೆ, ಮೇಲಾಗಿ ನೀರು ಕಸವನ್ನೆಲ್ಲ ರಸ್ತೆಗೆ ತಂದು ಹಾಕಿರುತ್ತದೆ.

ರಸ್ತೆಯ ತೀರಾ ಅಂಚಿಗೆ ಹೋಗಬೇಡಿ ಅನ್ನುವುದೂ ಇದಕ್ಕೇ. ಗಾಡಿಗಳ ಚಕ್ರ ಓಡಾಡುವ ಜಾಗ ತಾನಾಗಿ ಗುಡಿಸಿದಂತಾಗಿರುತ್ತದೆ, ಕಸವೆಲ್ಲ ಅಂಚಿಗೆ ಬಂದು ಸೇರುತ್ತದೆ. ಅಂಚಿನಿಂದ ಮೂರು ಅಡಿ ಒಳಗೆ ಓಡಿಸಿ, ಹಿಂದೆ ಬರುವವರಿಗೂ ಚೆನ್ನಾಗಿ ಕಾಣುತ್ತೀರಿ.

ಹಗುರಚಕ್ರ:
ಸಿಕ್ಕಿತು!! ತಂತಿಯೇ. ಗುರುತು ಹಾಕಿದ ಜಾಗದಲ್ಲಿ ಹತ್ತಿಯ ಒಂದೇ ಒಂದು ಎಳೆ ಸಿಕ್ಕಿಕೊಂಡಿತು. ಕಣ್ಣಿಗೆ ಏನೂ ಕಾಣದು. ಟೈರನ್ನು ಒಳಹೊರಗು ಮಾಡಿ ಹೆಬ್ಬೆರಳಲ್ಲಿ ಹಿಂದಿನಿಂದ ಒತ್ತಿದಾಗ ಮೊನೆ ಅರ್ಧ ಮಿಮೀ ಹೊರಗೆ ಬಂತು. ಉಗುರು ಕತ್ತರಿಯಲ್ಲಿ ಎಳೆದೆ. ತುಕ್ಕು ಹಿಡಿದು ಕಂದು ಬಣ್ಣ, ಅಂಗೈಯಲ್ಲಿಟ್ಟರೆ ಉಸಿರಿಗೇ ಹಾರಿಹೋಗುತ್ತದೆ. ಕಡ್ಡಿಬಿಗಿಯುವವರಿಗೆ ದೊಡ್ಡ ನಮಸ್ಕಾರ.

ಎದುರುಗಾಳಿ:
ತೂಕ ನೋಡಿದಿರಾ? ಸೈಕಲ್ ಅಷ್ಟು ಹಗುರ ಆಯಿತು.

ಹಗುರಚಕ್ರ:
😄 ಇನ್ನು ಮುಂದಿನ ಕೆಲಸ. ಹಿಂದಿನ ಟೈರು ಮಧ್ಯದಲ್ಲಿ ಚಪ್ಪಟೆಯಾಗಿದೆ, ಸವೆತ ತೋರಿಸುವ ಎರಡು ಚುಕ್ಕಿ ಕಾಣುವುದೇ ಇಲ್ಲ. ಅದನ್ನು ಬದಲಿಸಿ ಹಿಂದೆ ಮಾತ್ರ ಬೆಲ್ಟ್ ಇರುವ 320 ಗ್ರಾಂ ಟೈರು ಹಾಕೋಣ ಅಂತ. ಟ್ಯೂಬು ಟಿಪಿಯು ತೆಗೆದುಕೊಳ್ಳಲಾ? ಗೇಜ್ ಪಂಪು ತರುವುದು ಖಾತ್ರಿ.

ಲೆಕ್ಕದಪುಸ್ತಕ:
ಟೈರು 80 ಜಾಸ್ತಿ, ಟ್ಯೂಬು 60 ಕಡಿಮೆ. ಒಟ್ಟು 20 ಗ್ರಾಂ. ತೆಗೆದುಕೊಳ್ಳಿ.

ಟಿಪಿಯು ಬಗ್ಗೆ ಕೆಲವು ಎಚ್ಚರಿಕೆ. ಹಾಕುವ ಮುಂಚೆ ಹೊರಗಿಟ್ಟುಕೊಂಡು ಗಾಳಿ ಹೊಡೆಯಬೇಡಿ, ಬ್ಯುಟೈಲ್ ಹಾಗೆ ಮತ್ತೆ ಕುಗ್ಗುವುದಿಲ್ಲ, ಹಿಗ್ಗಿದ್ದು ಹಿಗ್ಗಿದ ಹಾಗೇ. ಆಕಾರ ಬರುವಷ್ಟು ಮಾತ್ರ ಸಾಕು. ಮಾಮೂಲಿ ಸಲ್ಯೂಷನ್, ಪ್ಯಾಚ್ ಅದಕ್ಕೆ ಹಿಡಿಯುವುದಿಲ್ಲ. ಅದರದ್ದೇ ಪ್ಯಾಚ್ ಬರುತ್ತದೆ, ಆಲ್ಕೋಹಾಲ್‌ನಲ್ಲಿ ಒರೆಸಿ ಅಂಟಿಸಬೇಕು. ರಿಮ್ ಬ್ರೇಕ್ ಇದ್ದರೆ ಉದ್ದ ಇಳಿಜಾರಿನಲ್ಲಿ ರಿಮ್ ಕಾಯುತ್ತದೆ, ಆ ಟ್ಯೂಬು ರಿಮ್ ಬ್ರೇಕಿಗೆ ಆಗುತ್ತದೆ ಅಂತ ಡಬ್ಬಿಯ ಮೇಲೆ ಇದೆಯಾ ನೋಡಿ.

ನಿಧಾನಸ್ಥೆ:
ಲೇಟೆಕ್ಸ್ ಬಗ್ಗೆ ತೂಕ ಬಿಟ್ಟು ಬೇರೇನೂ ಯಾರೂ ಹೇಳಲಿಲ್ಲ. ಅದು ಹಿಗ್ಗುವ ಗುಣದಿಂದ ಚೂಪಾದ್ದರ ಸುತ್ತ ಬಾಗಿ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ, ತುಳಿಯಲೂ ಹಗುರ.

ಲೆಕ್ಕದಪುಸ್ತಕ:
ಆದರೆ ರಾತ್ರಿ ಕಳೆಯುವುದರೊಳಗೆ ಗಾಳಿ ಇಳಿದಿರುತ್ತದೆ, ಪ್ರತಿ ಸಲ ಹೊಡೆದೇ ಹೊರಡಬೇಕು. ಬೆರಳಲ್ಲಿ ಒತ್ತಿ ನೋಡಿ ಹೊರಡುವವರಿಗೆ ಲೇಟೆಕ್ಸ್ ಕೊಡಬೇಡಿ ಮೇಡಂ.

ಹಗುರಚಕ್ರ:
ಹೆಬ್ಬೆರಳಿಗೆ ನಿವೃತ್ತಿ ಕೊಟ್ಟಾಯಿತು, ಬಿಟ್ಟುಬಿಡಿ.

ಪಕ್ಕದಓಣಿ:
ಹೊಸ ಟ್ಯೂಬು ಹಾಕುವಾಗ ಟಾಲ್ಕಂ ಪೌಡರ್ ಸವರಿ. ಪಂಕ್ಚರ್ ಕಡಿಮೆಯಾಗುತ್ತದೆ.

ಎದುರುಗಾಳಿ:
ಪೌಡರ್ ಹಾಕಿದರೆ ಮುಳ್ಳು ನಾಚಿಕೊಂಡು ವಾಪಸ್ ಹೋಗುತ್ತದಾ?

ಕಡ್ಡಿಬಿಗಿಯುವವ:
ಮುಳ್ಳಿಗಲ್ಲ. ಬ್ಯುಟೈಲ್ ಟ್ಯೂಬು ಟೈರಿನ ಒಳಮೈಗೆ ಅಂಟಿಕೊಳ್ಳದ ಹಾಗೆ ತಡೆಯುತ್ತದೆ, ಹಾಕುವಾಗ ತಿರುಚಿಕೊಳ್ಳದೆ ಸಲೀಸಾಗಿ ಕೂರುತ್ತದೆ. ಅಷ್ಟೇ ಉಪಯೋಗ. ಟೈರು ಪೂರ್ತಿ ಏರಿಸಿದ ಮೇಲೆ ಎರಡೂ ಬದಿಯನ್ನು ಬೆರಳಲ್ಲಿ ಒತ್ತಿ ಸುತ್ತಲೂ ನೋಡಿ, ಅಂಚಿನ ಕೆಳಗೆ ಟ್ಯೂಬು ಇಣುಕುತ್ತಿದ್ದರೆ ಗಾಳಿ ಹೊಡೆಯುತ್ತಿದ್ದ ಹಾಗೇ ಢಮಾರ್ ಅನ್ನುತ್ತದೆ. ಕೊನೆಯ ಗೇಣನ್ನು ಟೈರು ಎಬ್ಬಿಸುವ ಲಿವರ್ ಹಾಕದೆ ಕೈಯಲ್ಲೇ ಏರಿಸಿ, ಹೊಸ ಟ್ಯೂಬುಗಳು ಲಿವರ್‌ಗೆ ಸಿಕ್ಕಿಯೇ ಹಾಳಾಗುವುದು ಜಾಸ್ತಿ.

ತುಂತುರು:
ದಾರಿಗೆ ಪಂಪು ಬೇಕಾ, ಸಿಓ2 ಸಿಲಿಂಡರ್ ಸಾಕಾ? ಭಾರದ ಪ್ರಶ್ನೆ ತಾನೇ.

ಗುಡ್ಡಹತ್ತುವವ:
16 ಗ್ರಾಂ ಅನಿಲದ ಸಿಲಿಂಡರ್ ಲೋಹ ಸೇರಿ 60ರ ಹತ್ತಿರ ತೂಗುತ್ತದೆ, ಒಂದು ಟೈರಿಗೆ ಒಂದು. ಸಣ್ಣ ಕೈಪಂಪು ನೂರು ಗ್ರಾಂ ಸುಮಾರು, ಎಷ್ಟು ಸಲ ಬೇಕಾದರೂ. ಸಿಓ2 ಬ್ಯುಟೈಲ್ ಮೂಲಕ ಬೇಗ ಸೋರುತ್ತದೆ, ಮಾರನೇ ದಿನ ಅದನ್ನು ಹೊರಬಿಟ್ಟು ಮಾಮೂಲಿ ಗಾಳಿ ತುಂಬಬೇಕು. ನಾನು ಪಂಪೇ ಇಟ್ಟುಕೊಳ್ಳುವುದು.

ಎದುರುಗಾಳಿ:
ಟ್ಯೂಬ್‌ಲೆಸ್ ಹಾಕಿದವರಿಗೆ ಪಂಪು ಯಾಕೆ ಬೇಕು?

ಗುಡ್ಡಹತ್ತುವವ:
ನಿಮ್ಮಂಥವರು ದಾರಿಯಲ್ಲಿ ಕೂತಿರುತ್ತೀರಲ್ಲ, ಅವರಿಗೆ ಕೊಡಲು.

ಹೊಸಬ27:
ವಾಲ್ವ್ ಬುಡಕ್ಕೆ ಬರುವ ಸಣ್ಣ ನಟ್ಟು ಹಾಕಬೇಕೋ ಬೇಡವೋ? ಒಂದೆರಡು ಗ್ರಾಂ ಉಳಿಯುತ್ತದಲ್ವಾ?

ಲೆಕ್ಕದಪುಸ್ತಕ:
ಟ್ಯೂಬಿದ್ದರೆ ತೆಗೆದರೂ ನಡೆಯುತ್ತದೆ. ಹಾಕುವುದಾದರೆ ಬೆರಳಲ್ಲಿ ಹಗುರವಾಗಿ ಬಿಗಿಯಿರಿ, ಇಕ್ಕಳ ಹಾಕಿ ಬಿಗಿದರೆ ವಾಲ್ವ್ ಬುಡದಲ್ಲೇ ಹರಿಯುತ್ತದೆ. ಟ್ಯೂಬ್‌ಲೆಸ್‌ಗೆ ಮಾತ್ರ ನಟ್ಟು ಬೇಕೇ ಬೇಕು, ಅದೇ ಗಾಳಿ ಹಿಡಿಯುವುದು.